ಇನ್ನೂರ ಅರವತ್ತನಾಲ್ಕು ಬುಟ್ಟಿ

ಅವರ್ಸಾದಲ್ಲಿ ಬಸ್ಸು ನಿಂತಾಗ ನಾನು "ಸಿಕ್ತು! ಸಿಕ್ತು!" ಎಂದು ಕಿರುಚಿದೆ. ಕಂಡಕ್ಟರು ಪಾಪ, ಕಳೆದುಹೋದ ಕಿವಿಯೋಲೆ ಸಿಕ್ಕಿರಬೇಕೆಂದು ಸೀಟಿನ ಕೆಳಗೆ ಬಗ್ಗಿ ನೋಡಿದ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬಳು, "ಎಂತಾ ಸಿಕ್ತೇ ತಂಗಿ, ಬೆಳ್ಬೆಳಿಗ್ಗೆ?" ಎಂದು ಕೇಳಿದಳು. "ಮೆಟ್ಟಿಲು ಅಜ್ಜಿ, ಮೆಟ್ಟಿಲು!" ಎಂದು ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಅವಳು ಫೋನು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಕಿಟಕಿಯ ಕಡೆಗೆ ಸರಿದು ಕುಳಿತಳು. ತಪ್ಪು ಅವಳದಲ್ಲ.

ನನ್ನ ಹೆಸರು ಸುಮಿತಾ. ಕಾರವಾರದಲ್ಲಿ ಪುಟ್ಟ ಕಂಪ್ಯೂಟರ್ ಅಂಗಡಿ ಇಟ್ಟಿದ್ದೇನೆ, ಊರವರಿಗೆ ವೆಬ್‌ಸೈಟು ಮಾಡಿಕೊಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಹೇಳುತ್ತಾರೆ, ಹೇಳಿಕೊಳ್ಳಲಿ. ಆದರೆ ಮಂಜಗುಣಿಯ ಹನ್ನೊಂದು ಮೀನು ಮಾರುವ ಹೆಂಗಸರಿಗೆ ನಾನು ಮಾಡಿಕೊಟ್ಟ ಸೈಟಿನಂಥದ್ದು ಈ ಕಡೆ ಇನ್ನೊಂದಿಲ್ಲ, ಅದನ್ನೂ ಹೇಳಬೇಕಲ್ಲ! ಬೆಳಿಗ್ಗೆ ಗಂಗಾವಳಿ ಹೊಳೆಯ ದಡಕ್ಕೆ ದೋಣಿ ಬಂದೊಡನೆ ಪ್ರತಿಯೊಬ್ಬಳೂ ತನ್ನ ಫೋನಿನಲ್ಲಿ ಆ ದಿನದ ಬುಟ್ಟಿ ತೆರೆಯುತ್ತಾಳೆ. ಮೀನಿನ ಫೋಟೋ ಹಾಕುತ್ತಾಳೆ, ಎಷ್ಟು ಬಂಗಡೆ, ಎಷ್ಟು ನೊಗಲಿ ಎಂದು ಬರೆಯುತ್ತಾಳೆ. ಅಂಕೋಲೆಯಲ್ಲೋ ಕಾರವಾರದಲ್ಲೋ ಕುಳಿತ ಗಿರಾಕಿಗಳು ಫೋಟೋ ನೋಡಿ 'ಬೇಕು' ಎಂಬ ಗುಂಡಿ ಒತ್ತುತ್ತಾರೆ. ಮಾರುವವಳು 'ಇಲ್ಲ' ಎನ್ನದಿದ್ದರೆ ಒತ್ತಿದಷ್ಟು ಮೀನು ಬುಟ್ಟಿಯಿಂದ ಕಡಿಮೆಯಾಗುತ್ತದೆ, ಟೆಂಪೋ ಹತ್ತುತ್ತದೆ, ದುಡ್ಡು ಮನೆ ಬಾಗಿಲಲ್ಲಿ ಕೈಗೆ ಕೈ. ಮೀನೆಲ್ಲ ಮುಗಿದು ಸೊನ್ನೆಯಾದರೆ ಬುಟ್ಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಷ್ಟೇ.

ಇದನ್ನು ಮಾಡಿದ್ದು ದುರ್ಗಿ ಅತ್ತೆಗಾಗಿ. ನನ್ನ ಅಪ್ಪನ ಅಕ್ಕ. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆ ತಿರುಗಿದವಳು. ಎರಡು ವರ್ಷದ ಹಿಂದೆ ಮೊಣಕಾಲು ಸವೆದು, ಇನ್ನು ಭಾರ ಹೊರುವ ಮಾತೇ ಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೂ ಟಿವಿ ಮುಂದೆ ಕುಳಿತ ನಾಲ್ಕು ತಿಂಗಳಲ್ಲಿ ಅತ್ತೆ ಅರ್ಧವಾಗಿದ್ದಳು. ಕೇಳಿದ್ದಕ್ಕೆ ಹೂಂ, ಬಡಿಸಿದ್ದಕ್ಕೆ ಸಾಕು, ಮತ್ತೆ ಮಾತಿಲ್ಲ. ಸೈಟು ಬಂದ ಮೇಲೆ ದಡಕ್ಕೆ ಬಂದು ಕುಳಿತಳು. ಕುಳಿತಲ್ಲಿಂದಲೇ ಮಾರಬಹುದಲ್ಲ! ವಾರದೊಳಗೆ ಅವಳ ನಗು ಹೊಳೆಯ ಆಚೆ ದಡಕ್ಕೂ ಕೇಳತೊಡಗಿತು, ನನಗೆ ಜೀವ ಬಂತು.

ಅಂಥ ಸೈಟಿಗೆ, ಅದರ ಅಡಿಪಾಯವಾಗಿ ನಾನು ಬಳಸಿದ ಬೇರೆಯವರ ತಂತ್ರಾಂಶದ ಹೊಸ ಆವೃತ್ತಿಯನ್ನು ಒಂದು ತಿಂಗಳ ಹಿಂದೆ ಹಾಕಿದವಳೂ ನಾನೇ. ಹಳೆಯದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಹೊಸದರಲ್ಲಿ ಫೋಟೋಗಳು ಬೆರಳು ತಾಗಿದರೆ ಜಾರುತ್ತವೆ, ಮೀನು ಇನ್ನೂ ದೊಡ್ಡದಾಗಿ ಹೊಳೆಯುತ್ತದೆ ಎಂದು ನನಗೆ ಆಸೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಸೈಟು ಇರುವುದು ದೂರದ ಊರಿನ ಒಂದು ಬಾಡಿಗೆ ಸರ್ವರಿನಲ್ಲಿ. ಕಂಪ್ಯೂಟರು ಕೆಲಸ ಮಾಡುವಾಗ ಬೇಕಾದದ್ದನ್ನೆಲ್ಲ ಹರಡಿಕೊಳ್ಳುವ ಜಾಗಕ್ಕೆ ಮೆಮೊರಿ ಎನ್ನುತ್ತಾರೆ, ಅಡುಗೆಮನೆಯ ಕಟ್ಟೆ ಇದ್ದ ಹಾಗೆ. ನಮ್ಮ ಕಟ್ಟೆ ಚಿಕ್ಕದು. ಹಳೆಯ ಆವೃತ್ತಿಗೆ ನೂರರಲ್ಲಿ ಮೂವತ್ತು ಪಾಲು ಜಾಗ ಸಾಕಾಗುತ್ತಿತ್ತು. ಹೊಸದು ಬಂದ ಮೇಲೆ ಅದು ನಲವತ್ತಾಯಿತು, ಅರವತ್ತಾಯಿತು, ಎಂಬತ್ತಾಯಿತು. ಕಳೆದ ಮೂರು ದಿನ ಬೆಳಿಗ್ಗೆ ಎಂಟಕ್ಕೆ, ಗಿರಾಕಿಗಳು ಮುಗಿಬೀಳುವ ಹೊತ್ತಿಗೇ ಸರಿಯಾಗಿ, ಕಟ್ಟೆ ತುಂಬಿ ಸೈಟು ಬಿದ್ದುಹೋಯಿತು. ನಾನು ಮತ್ತೆ ಎಬ್ಬಿಸುವಷ್ಟರಲ್ಲಿ ಗಿರಾಕಿಗಳು ಚೀಲ ಹಿಡಿದು ಪೇಟೆಗೆ ಹೋಗಿಯಾಗಿತ್ತು. ಹೆಂಗಸರು ಉಳಿದ ಮೀನನ್ನು ದಡದಲ್ಲೇ ಅಗ್ಗಕ್ಕೆ ಮಾರಿ, ಸೈಟಿನಲ್ಲಿ ಲೆಕ್ಕ ಇಳಿಸಿಕೊಂಡರು.

ಯಾರಿಗೆ ಬೈಯಲಿಲ್ಲ ನಾನು! ಸರ್ವರಿನವರಿಗೆ ಫೋನಿನಲ್ಲಿ ಬೈದೆ. ಅವರು, "ಮೇಡಂ, ಮೆಮೊರಿ ಹೆಚ್ಚಿಸಿಕೊಳ್ಳಿ, ಸೋಮವಾರ ಆಗುತ್ತದೆ" ಎಂದರು. ಹೊಸ ಆವೃತ್ತಿ ಬರೆದವರಿಗೆ ಮೇಲ್ ಹಾಕಿ ಬೈದೆ. ಫೋಟೋ ಜಾಸ್ತಿ ಹಾಕುತ್ತೀರಿ ಎಂದು ಹೆಂಗಸರಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಳೆಯದಕ್ಕೇ ಮರಳೋಣವೆಂದರೆ ಮಾಹಿತಿಯೆಲ್ಲ ಆಗಲೇ ಹೊಸ ರೂಪಕ್ಕೆ ಬದಲಾಗಿತ್ತು.

ಇಷ್ಟರ ಮೇಲೆ ಈ ಭಾನುವಾರ ಬಂತು. ಕಾರವಾರದಲ್ಲಿ ಮೂರು ಖಾನಾವಳಿ ನಡೆಸುವ ಜಯಂತಿಬಾಯಿ ನಿನ್ನೆ ಫೋನು ಮಾಡಿ ಕಡ್ಡಿ ಮುರಿದಂತೆ ಹೇಳಿದ್ದರು: "ನೋಡು ಸುಮಿತಾ, ಮೂರು ದಿನ ಕಾದೆ. ನಾಳೆ ಎಂಟಕ್ಕೆ ಇನ್ನೊಂದ್ಸಲ ತೆಗೆದು ನೋಡ್ತೆ. ಮೀನು ಕಂಡ್ರೆ ದಿನಾ ನಿಮ್ಮತ್ರಾನೇ ತಕಳ್ತೆ. ಕಾಣದಿದ್ರೆ ಲಾರಿ ಮೀನಿನವನಿಗೆ ಹೂಂ ಅಂದ್ಬಿಡ್ತೆ, ಆಮೇಲೆ ಬೇಜಾರು ಮಾಡ್ಕಳ್ಬೇಡ." ಅವರಂಥ ದೊಡ್ಡ ಗಿರಾಕಿ ಇಲ್ಲದಿದ್ದರೆ ಟೆಂಪೋ ದತ್ತಾ ಮಂಜಗುಣಿಗೆ ಬರುವುದಿಲ್ಲ, ಅವನಿಗೆ ಗಿಟ್ಟುವುದಿಲ್ಲ. ಟೆಂಪೋ ಇಲ್ಲದಿದ್ದರೆ ಸೈಟು ಇದ್ದೂ ಇಲ್ಲ. ಉಳಿದ ಹತ್ತು ಹೆಂಗಸರು ಮೊದಲಿನಂತೆ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋಗಿಯಾರು. ಅತ್ತೆಯೊಬ್ಬಳಿಗೆ ಮಾತ್ರ ಮತ್ತೆ ಅದೇ ಟಿವಿ, ಅದೇ ಕುರ್ಚಿ.

ಅದಕ್ಕೇ ಮೊದಲ ಬಸ್ಸು ಹಿಡಿದಿದ್ದೆ. ಬಸ್ಸಿನಲ್ಲಿ ಕುಳಿತು ಇಡೀ ತಿಂಗಳ ಮೆಮೊರಿಯ ಗೆರೆಯನ್ನು ಮೊದಲ ಸಲ ಒಟ್ಟಿಗೆ ನೋಡಿದೆ. ಇಷ್ಟು ದಿನ ಗಂಟೆಗಂಟೆಯದನ್ನು ನೋಡುತ್ತ ತಲೆ ಚಚ್ಚಿಕೊಂಡ ದಡ್ಡಿ ನಾನು! ಗೆರೆ ಗುಡ್ಡದಂತೆ ಏರಿರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ದಿನಕ್ಕೊಂದು ಮೆಟ್ಟಿಲು, ಬೆಳಿಗ್ಗೆ ಆರೂವರೆಯಿಂದ ಏಳರೊಳಗೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ. ನಡುವೆ ಮೂರು ದಿನ ಮೆಟ್ಟಿಲೇ ಇಲ್ಲ, ಸಪಾಟು! ಆ ಮೂರು ದಿನ ಯಾವುದೆಂದು ನನಗೆ ಚೆನ್ನಾಗಿ ನೆನಪಿತ್ತು. ಗಾಳಿಯ ಎಚ್ಚರಿಕೆ ಬಂದು ದೋಣಿ ನೀರಿಗಿಳಿಯದ ದಿನಗಳು ಅವು. ಆ ದಿನವೂ ಗಿರಾಕಿಗಳು ಸೈಟು ತೆರೆದು, ಮೀನಿಲ್ಲವೆಂದು ಗೊಣಗಿ ಹೋಗಿದ್ದರು. ಅಂದರೆ ಕಟ್ಟೆ ತುಂಬುತ್ತಿರುವುದು ಗಿರಾಕಿಗಳಿಂದಲ್ಲ. ಹೆಂಗಸರು ಬುಟ್ಟಿ ತೆರೆದ ದಿನ ಮಾತ್ರ ತುಂಬುತ್ತಿದೆ! ಸರ್ವರನ್ನು ನಿಲ್ಲಿಸಿ ಎಬ್ಬಿಸಿದರೂ ಗೆರೆ ಅದೇ ಮೆಟ್ಟಿಲಿಗೆ ಬಂದು ನಿಲ್ಲುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಯಾವುದೋ ಬುಟ್ಟಿಗಳು ಮುಚ್ಚುತ್ತಲೇ ಇಲ್ಲ ಎಂದು ಆಗ ಹೊಳೆದದ್ದು. ಅವರ್ಸಾದಲ್ಲಿ ಕಿರುಚಿದ್ದು ಅದಕ್ಕೆ.

ಅಂಕೋಲೆಯಲ್ಲಿ ಇಳಿದು, ರಿಕ್ಷಾದವನನ್ನು ಅವಸರ ಮಾಡಿ, ದಡ ತಲುಪಿದಾಗ ಏಳೂವರೆ. ದೋಣಿಗಳು ಬಂದಾಗಿತ್ತು. ತಾಡಪತ್ರಿಯ ಕೆಳಗೆ ಹನ್ನೊಂದು ಜನರೂ ಮೀನು ಹರಡಿಕೊಂಡು ಕುಳಿತಿದ್ದರು. ಅತ್ತೆ ಒಂದು ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕಾಲು ನೀಡಿಕೊಂಡು ಬಂಗಡೆಗೆ ಬರ್ಫ ಹಾಕುತ್ತಿದ್ದಳು.

"ಬಂದ್ಯಾ ಸುಮೀ? ಚಾ ಕುಡ್ದು ಬಂದ್ಯೋ, ಇಲ್ಲ ಹಂಗೇ ಓಡಿ ಬಂದ್ಯೋ?"

"ಚಾ ಆಮೇಲೆ ಅತ್ತೆ, ಮೊದ್ಲು ನಿನ್ನ ಫೋನು ಕೊಡು!"

ಕಸಿದುಕೊಂಡೆ ಎಂದೇ ಹೇಳಬೇಕು. ಅವಳ ಬುಟ್ಟಿಗಳ ಪಟ್ಟಿ ತೆರೆದೆ. ಮೇಲೆ ಇಂದಿನದು. ಕೆಳಗೆ ನಿನ್ನೆಯದು, 'ತೆರೆದಿದೆ'. ಮೊನ್ನೆಯದು, 'ತೆರೆದಿದೆ'. ಬೆರಳಿನಿಂದ ಜಾರಿಸುತ್ತ ಹೋದೆ, ಹೊಸ ಆವೃತ್ತಿ ಹಾಕಿದ ದಿನದಿಂದ ಇಪ್ಪತ್ತನಾಲ್ಕು ಬುಟ್ಟಿ, ಇಪ್ಪತ್ತನಾಲ್ಕೂ ತೆರೆದೇ ಇವೆ. ಒಳಗೆ ನೋಡಿದರೆ, ಬಂಗಡೆ ಒಂದು. ನೊಗಲಿ ಒಂದು. ಬಂಗಡೆ ಒಂದು. ಮತ್ತೆ ಬಂಗಡೆ ಒಂದು.

"ಅತ್ತೆ! ಎಲ್ಲಾ ಬುಟ್ಟೀಲೂ ಒಂದೊಂದು ಮೀನು ಯಾಕೆ ಉಳೀತು?"

ಅತ್ತೆ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. "ಉಳೀದೆ ಮತ್ತೆಂತಾ? ಕಡೀ ಮೀನು ಯಾರಾದ್ರೂ ಮಾರ್ತ್ರೇನೇ? ಬರೀ ಬುಟ್ಟಿ ಮನೆಗೆ ಹೊತ್ಕಂಡು ಹೋಗೂಕಾಗ್ತದ್ಯಾ? ಅದು ಮನೆ ಮೀನು."

ಮನೆ ಮೀನು! ನಾನು ಒದ್ದೆ ಮರಳಿನ ಮೇಲೆ ಹಾಗೇ ಕುಳಿತುಬಿಟ್ಟೆ. ನಮ್ಮ ಮನೆಗಳಲ್ಲಿ ಬುಟ್ಟಿಯ ಕೊನೆಯ ಮೀನನ್ನು ಎಷ್ಟು ಕೊಟ್ಟರೂ ಮಾರುವುದಿಲ್ಲ. ಬುಟ್ಟಿ ಬರಿದಾಗಿ ಮನೆಗೆ ಬಂದರೆ ಮಾರನೆಯ ದಿನ ಹೊಳೆಯೂ ಬರಿಗೈ ತೋರಿಸುತ್ತದೆ ಎಂಬ ನಂಬಿಕೆ. ಪಕ್ಕದ ಮನೆಯಲ್ಲಿ ಮೀನಿಲ್ಲ ಎಂದರೆ ಸುಮ್ಮನೆ ಎತ್ತಿ ಕೊಡಬಹುದು, ಮಾರುವ ಹಾಗಿಲ್ಲ. ಆ ಮೀನು ತಿಂದೇ ಬೆಳೆದವಳು ನಾನು. ಒಂದು ಬಂಗಡೆಯನ್ನು ನಾಲ್ಕು ತಟ್ಟೆಗೆ ಹಂಚುವಾಗ ತಲೆಯ ಭಾಗಕ್ಕಾಗಿ ತಮ್ಮನ ಜುಟ್ಟು ಹಿಡಿದವಳು. ಅಂಥವಳು ಕಾರವಾರದಲ್ಲಿ ಫ್ಯಾನಿನ ಕೆಳಗೆ ಕುಳಿತು 'ಸೊನ್ನೆಯಾದರೆ ಬುಟ್ಟಿ ಮುಚ್ಚು' ಎಂದು ಬರೆದೆನಲ್ಲ! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ಹಳೆಯ ಆವೃತ್ತಿ ಒಂದು ಗಂಟೆ ಯಾರೂ ಮುಟ್ಟದ ಬುಟ್ಟಿಯನ್ನು ತಾನೇ ಕಟ್ಟೆಯಿಂದ ಇಳಿಸಿಬಿಡುತ್ತಿತ್ತು, ಹಾಗಾಗಿ ನನ್ನ ತಪ್ಪು ಇಷ್ಟು ದಿನ ಮುಚ್ಚಿಹೋಗಿತ್ತು. ಹೊಸದನ್ನು ಬರೆದವರು, ಮಾರುವವರ ಬುಟ್ಟಿ ಕಳೆದುಹೋಗಬಾರದೆಂದು, ಮೀನಿರುವ ಬುಟ್ಟಿಯನ್ನು ಇಳಿಸುವುದೇ ಬೇಡ ಎಂದು ಬದಲಿಸಿದ್ದರು. ಅದನ್ನು ಅವರು ಸ್ಪಷ್ಟವಾಗಿ ಬರೆದೂ ಇದ್ದರು. ಓದುವ ತಾಳ್ಮೆ ಯಾರಿಗಿತ್ತು? ಹನ್ನೊಂದು ಹೆಂಗಸರು, ಇಪ್ಪತ್ತನಾಲ್ಕು ದಿನ. ಇನ್ನೂರ ಅರವತ್ತನಾಲ್ಕು ಬುಟ್ಟಿ, ಒಂದೊಂದರಲ್ಲೂ ಒಂದೊಂದು ಮೀನು, ಜೊತೆಗೆ ಅವತ್ತಿನ ಫೋಟೋಗಳೆಲ್ಲ, ನನ್ನ ಪುಟ್ಟ ಕಟ್ಟೆಯ ಮೇಲೆ! ನನಗೆ ನಗು ತಡೆಯಲಾಗಲಿಲ್ಲ. ಆದರೆ ಗಂಟೆ ಏಳೂ ಮುಕ್ಕಾಲಾಗಿತ್ತು, ಮೆಮೊರಿ ತೊಂಬತ್ತಾರರಲ್ಲಿತ್ತು.

"ಸಿಕ್ತು ಅತ್ತೆ! ಹಳೇ ಬುಟ್ಟಿ ಎಲ್ಲಾ ಒಂದೇ ಏಟಿಗೆ ಅಳಿಸಿಬಿಡ್ತೆ!" ಎಂದು ಲ್ಯಾಪ್‌ಟಾಪು ತೆರೆದೆ.

ಅತ್ತೆಯ ತಣ್ಣಗಿನ ಕೈ ನನ್ನ ಮಣಿಕಟ್ಟಿನ ಮೇಲೆ ಬಿತ್ತು. "ಎಂತಾ ಅಳಿಸೂದು? ಮೀನಿದ್ದ ಬುಟ್ಟೀನಾ?"

ಅಷ್ಟರಲ್ಲಿ ಪಕ್ಕದಲ್ಲಿದ್ದ ಕಾಮಿ ಗಲ್ಲದ ಮೇಲೆ ಕೈಯಿಟ್ಟಳು. "ಮೀನಿದ್ದ ಬುಟ್ಟಿ ಮಗುಚೂದೇ? ರಾಮ ರಾಮಾ!" ಗುಂಪಿನಲ್ಲಿ ಎಲ್ಲರಿಗಿಂತ ಜೋರು ಬಾಯಿಯ ಹೀರಾ ಎದ್ದೇ ನಿಂತಳು. "ಹಂಗೆಲ್ಲಾ ಮಾಡ್ಬೇಡ್ವೇ ತಂಗಿ. ನಾಳೆ ಹೊಳೆ ನಮ್ಮ ಮುಖ ನೋಡ್ತದ್ಯೇನೆ?"

ನನ್ನ ಸಿಟ್ಟು ನೆತ್ತಿಗೇರಿತು. "ಅದು ಬುಟ್ಟಿ ಅಲ್ಲ ಮಾರಾಯ್ತಿ, ಫೋಟೋ! ಆ ಮೀನು ನೀವು ಸಾರು ಮಾಡಿ ತಿಂದು ತಿಂಗಳಾಯ್ತು!"

"ತಿಂದದ್ದು ನಮಗೆ ಗೊತ್ತು. ನಿನ್ನ ಮಿಷನಿಗೆ ಗೊತ್ತಿಲ್ವಲ್ಲ," ಎಂದಳು ಅತ್ತೆ. "ಅದ್ರ ಲೆಕ್ಕದಲ್ಲಿ ಮೀನು ಇನ್ನೂ ಅಲ್ಲೇ ಅದೆ."

"ಎಂಟಕ್ಕೆ ಇದು ಬಿದ್ರೆ ಯಾರಿಗತ್ತೆ ಕಷ್ಟ? ಇವ್ರಿಗಲ್ಲ, ನಿಂಗೆ! ಟೆಂಪೋ ನಿಂತ್ರೆ ನೀ ಎಂತಾ ಮಾಡ್ತೆ?"

ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು. ಅತ್ತೆಯ ಮುಖ ಸಣ್ಣದಾಯಿತು. "ನಂಗೊತ್ತಿಲ್ವೇನೆ?" ಎಂದು ಮೆಲ್ಲಗೆ ಹೇಳಿದಳು. "ಮನೇಲಿ ಕೂತ್ರೆ ನಾ ಸತ್ತಂಗೇ ಸೈ. ಮೊನ್ನೆಯಿಂದ ಅದೇ ಯೋಚ್ನೆ ನಂಗೆ." ಆದರೆ ಕೈ ತೆಗೆಯಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು, ಗಡಿಯಾರ ನೋಡಿದರೆ ಹದಿಮೂರು ನಿಮಿಷ ಉಳಿದಿತ್ತು. ನಿಜ ಹೇಳಬೇಕೆಂದರೆ ಒಳಗೊಳಗೇ ಹೆದರಿಕೆಯೂ ಇತ್ತು. ಆ ವಾರ ಅವಸರದಲ್ಲಿ ಏನೇನೋ ಅಳಿಸಲು ಹೋಗಿ ಎರಡು ಸಲ ನಾನೇ ಸೈಟು ಬೀಳಿಸಿದ್ದೆ.

ಅತ್ತೆ ಇದ್ದಕ್ಕಿದ್ದಂತೆ ನನ್ನ ಕೈ ಬಿಟ್ಟು ತನ್ನ ಫೋನು ಎತ್ತಿಕೊಂಡಳು. "ಸುಮೀ, ಈ 'ಬೇಕು' ಗುಂಡಿ ನಾವೂ ಒತ್ತೂಕಾಗ್ತದ್ಯೋ?"

"ಯಾರು ಬೇಕಾದ್ರೂ ಒತ್ಬೋದು. ತನ್ನದನ್ನು ತಾನೇ ತಕಳ್ಳೂಕಾಗ, ಅಷ್ಟೇ. ಯಾಕೆ?"

"ಮನೆ ಮೀನು ಮಾರೂಕಾಗ. ಕೊಡೂಕೆ ಅಡ್ಡಿಲ್ಲ. ಕಾಮಿ ಮನೆ ಮೀನು ನಂಗೆ ಬೇಕು ಅಂದ್ರೆ ಕಾಮಿ ಇಲ್ಲ ಅಂತಾಳ್ಯೇ? ಕೊಟ್ಟಾದ್ಮೇಲೆ ಅವ್ಳ ಬುಟ್ಟೀಲಿ ಎಂತಾ ಉಳೀತು?"

"ಸೊನ್ನೆ!" ಎಂದು ಕಿರುಚಿದೆ. "ಅತ್ತೆ! ಸೊನ್ನೆ! ಸೊನ್ನೆಯಾದ್ರೆ ತಾನೇ ಮುಚ್ತದೆ! ಸೈಟಿಗೆ ಗೊತ್ತಿರೂ ಕೆಲ್ಸಾನೇ ಅದು!"

ನಲವತ್ತು ವರ್ಷ ಚೌಕಾಶಿ ಮಾಡಿದ ತಲೆ ಅದು. ಮುಂದಿನದನ್ನು ನಾನು ಹೇಳಿಕೊಡಬೇಕಾಗಲಿಲ್ಲ. "ಏ ಹೆಂಗಸ್ರೇ, ಎಲ್ರೂ ಫೋನು ತೆಗೀರಿ! ಕಾಮಿ, ನಿನ್ನದು ನಂಗೆ. ಬೀರಿ, ನಿನ್ನದು ಕಾಮಿಗೆ. ಹೀಂಗೇ ಸಾಲಾಗಿ! ಹೀರಾ, ನನ್ನ ಮನೆ ಮೀನು ನಿಂಗೆ. ಒಂದ್ಕೂ ಇಲ್ಲ ಅನ್ನೂದಿಲ್ಲ, ಇಪ್ಪತ್ನಾಲ್ಕೂ ತಕ!"

"ತಿಂಗ್ಳ ಹಿಂದಿನ ಬಂಗಡೆ ಯಾವ ಬಾಯಲ್ಲಿ ತಿನ್ಲೇ ದುರ್ಗೀ?" ಎಂದು ಹೀರಾ ಕೇಳಿದ್ದೇ ತಡ, ದಡದಲ್ಲಿ ನಗುವೋ ನಗು.

ಒತ್ತಿದರು. ಏನೂ ಆಗಲಿಲ್ಲ. ಹನ್ನೊಂದು ಫೋನುಗಳಲ್ಲೂ ಚಕ್ರ ಗಿರಗಿರ ತಿರುಗುತ್ತಲೇ ಇತ್ತು. ಮೆಮೊರಿ ತೊಂಬತ್ತೇಳು. ತೊಂಬತ್ತೆಂಟು. ಸೈಟಿಗೆ ಉಸಿರಾಡಲೂ ಜಾಗವಿರಲಿಲ್ಲ, ಇವರು ಒತ್ತಿದ್ದೇ ಅದಕ್ಕೆ ಭಾರವಾಗಿತ್ತು. "ಮತ್ತೆ ಮತ್ತೆ ಒತ್ಬೇಡಿ! ತಡೀರಿ!" ಎಂದು ಕೂಗಿದೆ. ಮುಗಿಯಿತು, ನಾನೇ ಕೈಯಾರೆ ಕೊಂದೆ ಎಂದುಕೊಂಡೆ. ಆಗ ಕಾಮಿಯ ಫೋನು ಟಿಣ್ ಎಂದಿತು. ಒಂದು ಬುಟ್ಟಿ ಮುಚ್ಚಿತು!

"ನಂದೂ ಹೋಯ್ತು!" ಎಂದಳು ಬೀರಿ. "ನಂದೂ!" ಮತ್ತೊಬ್ಬಳು. ತೊಂಬತ್ತೇಳು, ತೊಂಬತ್ತೈದು, ತೊಂಬತ್ತೊಂದು. ಹಗುರಾದಷ್ಟೂ ಸೈಟು ಚುರುಕಾಯಿತು, ಚುರುಕಾದಷ್ಟೂ ಇವರ ಬೆರಳು ಓಡಿತು. ನಾನು ಹರಾಜು ಕೂಗುವವನ ಹಾಗೆ ನಿಂತು ಸಂಖ್ಯೆ ಕೂಗಿದೆ. "ಎಂಬತ್ನಾಲ್ಕು! ಎಂಬತ್ತು! ಬಿಡ್ಬೇಡಿ, ಒತ್ತಿ!" ಹೀರಾ ಒಂದೊಂದು ಒತ್ತುವಾಗಲೂ "ತಿಂದೆ, ದುರ್ಗೀ! ಇದನ್ನೂ ತಿಂದೆ!" ಎನ್ನುತ್ತಿದ್ದಳು. ಯಾರೋ ಹಳೆಯ ಫೋಟೋ ನೋಡಿ, "ಅಯ್ಯೋ, ಈ ನೊಗಲಿ ಎಷ್ಟು ರುಚಿ ಇತ್ತೇ!" ಎಂದು ಅಲ್ಲೇ ಕಥೆ ತೆಗೆದಳು, ಅತ್ತೆ ಅವಳ ಬೆನ್ನಿಗೊಂದು ಕೊಟ್ಟಳು. ದೋಣಿ ತೊಳೆಯುತ್ತಿದ್ದ ಗಂಡಸರೂ ಬಂದು ಸುತ್ತ ನಿಂತರು. ಟೆಂಪೋ ದತ್ತಾ, ಏನಾಗುತ್ತಿದೆಯೆಂದು ತಿಳಿಯದಿದ್ದರೂ, ನನ್ನ ಜೊತೆ ಸಂಖ್ಯೆ ಕೂಗತೊಡಗಿದ.

ಎಂಟಕ್ಕೆ ಐದು ನಿಮಿಷವಿರುವಾಗ ಗಿರಾಕಿಗಳು ಬರತೊಡಗಿದರು. ಅರವತ್ತಕ್ಕೆ ಇಳಿದದ್ದು ಮತ್ತೆ ಅರವತ್ತಮೂರಕ್ಕೆ ಹತ್ತಿತು. ಆದರೆ ಇವರು ಬಿಡುವವರಲ್ಲ. ಐವತ್ತೆಂಟು, ಐವತ್ತು. ಸರಿಯಾಗಿ ಎಂಟು ಗಂಟೆಗೆ ಹೀರಾ ಕೊನೆಯದನ್ನು ಒತ್ತಿ ಫೋನನ್ನು ಮೇಲೆತ್ತಿ ಹಿಡಿದಳು. ಗಿರಾಕಿಗಳೆಲ್ಲ ಒಳಗಿದ್ದರೂ ಮೆಮೊರಿ ನಲವತ್ತೊಂದು. ಸೈಟು ಬಂಡೆಗಲ್ಲಿನ ಹಾಗೆ ನಿಂತಿತ್ತು! ನಾನು ಕುಣಿದೆ, ನಾಚಿಕೆಯಿಲ್ಲದೆ ಕುಣಿದೆ.

ಅತ್ತೆ ಕುಣಿಯಲಿಲ್ಲ, ನಗಲೂ ಇಲ್ಲ. "ಜಯಂತಿಬಾಯಿದು ಬಂತಾ?" ಎಂದಳು.

ಬಂದಿರಲಿಲ್ಲ. ಅಂಕೋಲೆಯ ಗಿರಾಕಿಗಳು ಎರಡು, ನಾಲ್ಕು ಎಂದು ಒತ್ತುತ್ತಿದ್ದರು. ಎಂಟೂ ಎರಡಾಯಿತು, ಎಂಟೂ ನಾಲ್ಕಾಯಿತು. ಸುಮ್ಮನೆ ಕೂರಲಾರದೆ ನಾನು ಒಂದು ಸಾಲು ಬದಲಿಸಿದೆ: ಒಂದೇ ಮೀನು ಉಳಿದು ಹೊತ್ತು ಮುಳುಗಿದರೆ ಅದು ಮನೆಗೆ ಹೋಯಿತೆಂದು ತಿಳಿ, ಬುಟ್ಟಿ ಇಳಿಸು. ಎರಡು ಸಲ ಓದಿ, ತಾಳ್ಮೆಯಿಂದ ಪರೀಕ್ಷಿಸಿ, ಆಮೇಲೆ ಹಾಕಿದೆ. ಎಂಟೂ ಏಳು. ದತ್ತಾ ಟೆಂಪೋದ ಚಾವಿಯನ್ನು ಬೆರಳಿಗೆ ಸುತ್ತುತ್ತಿದ್ದ. ಜಯಂತಿಬಾಯಿ ನಿನ್ನೆಯೇ ಲಾರಿಯವನಿಗೆ ಹೂಂ ಅಂದಿರಬಹುದೆಂದು ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತೆಂದು ಕಾಣುತ್ತದೆ.

ಎಂಟೂ ಒಂಬತ್ತಕ್ಕೆ ಅತ್ತೆಯ ಫೋನು ಟಿಣ್ ಎಂದಿತು. ಅವಳು ಅದನ್ನು ನೋಡದೆ ನನ್ನ ಕೈಗೆ ಕೊಟ್ಟಳು. ಜಯಂತಿಬಾಯಿ, ಖಾನಾವಳಿ, ಕಾರವಾರ. ಬಂಗಡೆ ಅರವತ್ತು. ಕೆಳಗೆ ಒಂದು ಸಾಲು ಬರಹ. ಗಟ್ಟಿಯಾಗಿ ಓದಿದೆ: "ಮೀನು ಚಲೋ ಕಂಡಿತು. ನಾಳೆಯಿಂದ ದಿನಾ ಕಳಿಸಿ."

"ಇನ್ನೊಂದ್ಸಲ ಓದು."

ಓದಿದೆ.

"ದಿನಾ ಅಂತ ಬರ್ದದ್ಯಾ? ನೀ ಸೇರಿಸಿ ಹೇಳ್ತಿಲ್ವಲ್ಲ?"

"ಇಲ್ಲತ್ತೆ. ಅವರೇ ಬರ್ದದ್ದು. ದಿನಾ."

ಅತ್ತೆ ಕ್ರೇಟಿನ ಅಂಚು ಹಿಡಿದು ಎದ್ದಳು. "ದಿನಾ ಅಂತೆ," ಎಂದು ಕಾಮಿಗೆ ಹೇಳಿದಳು. ಕಾಮಿಗೆ ಕೇಳಿಸಿತ್ತು, ದಡದಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು. ಆದರೂ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಮೊಣಕಾಲು ಎಳೆಯುತ್ತ, ಹೀರಾಳ ಹತ್ತಿರ ಹೋಗಿ ಹೇಳಿದಳು, ಬೀರಿಯ ಹತ್ತಿರ ಹೋಗಿ ಹೇಳಿದಳು, ಸಾಲಿನ ಕೊನೆಯವರೆಗೂ ಒಬ್ಬೊಬ್ಬರ ಹತ್ತಿರ ನಡೆದು ಹೋಗಿ ಹೇಳಿ ಬಂದಳು.